ತಣ್ಣಗಾಗದ ಹಳೆಯ ಫ್ರಿಜ್: ಕೊಳವೆ ಕತ್ತರಿಸುವ ಮೊದಲು ನೋಡಬೇಕಾದದ್ದು

ಅರವತ್ತು, ಎಪ್ಪತ್ತು ವರ್ಷ ಹಳೆಯ ಫ್ರಿಜ್ ತಣ್ಣಗಾಗುತ್ತಿಲ್ಲ ಎಂದ ಕೂಡಲೇ ಕೇಳಿಬರುವ ಮಾತು ಎರಡೇ: ಒಂದೋ ಗ್ಯಾಸ್ ಹೋಗಿದೆ, ಇಲ್ಲವೇ ಕಂಪ್ರೆಸರ್ ಸುಟ್ಟಿದೆ. ನನ್ನ ಬಳಿ ಇರುವ ದುಂಡು ಹೆಗಲಿನ, ಒಂದೇ ಬಾಗಿಲಿನ ಪೆಟ್ಟಿಗೆಗೂ ಇಬ್ಬರು ಮೆಕ್ಯಾನಿಕ್‌ಗಳು ಇದೇ ತೀರ್ಪು ಕೊಟ್ಟಿದ್ದರು. ಒಬ್ಬರು ಕೊಳವೆ ಕತ್ತರಿಸಲು ಕಟರ್ ಕೈಗೆತ್ತಿಕೊಂಡೂ ಆಗಿತ್ತು. ಆ ದಿನ ಅವರನ್ನು ತಡೆದದ್ದಕ್ಕೆ ಇಂದಿಗೂ ಸಮಾಧಾನಪಡುತ್ತೇನೆ. ಏಕೆಂದರೆ ದೋಷ ಇದ್ದದ್ದು ಗ್ಯಾಸಿನಲ್ಲೂ ಅಲ್ಲ, ಕಂಪ್ರೆಸರಿನಲ್ಲೂ ಅಲ್ಲ. ಅದು ಎಲ್ಲಿತ್ತು ಎಂಬುದು ಮುಂದೆ ಬರುತ್ತದೆ.

ಹಳೆಯ ಫ್ರಿಜ್‌ನ ಜೀವ ಇರುವುದು ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಕೊಳವೆಜಾಲದಲ್ಲಿ. ಅನಿಲವನ್ನು ಒತ್ತುವ ಕಂಪ್ರೆಸರ್, ಶಾಖವನ್ನು ಹೊರಬಿಡುವ ಕಂಡೆನ್ಸರ್, ಒಳಗೆ ತಂಪು ಮಾಡುವ ಇವ್ಯಾಪರೇಟರ್ (ಅಂದರೆ ಹಿಮದ ಪೆಟ್ಟಿಗೆ), ನಡುವೆ ಹರಿಯುವ ಶೀತಕ (ಗ್ಯಾಸ್ ಎನ್ನುವುದು ಇದನ್ನೇ), ಅದರೊಂದಿಗೆ ಬೆರೆತ ಎಣ್ಣೆ ಎಲ್ಲವೂ ಗಾಳಿಯ ಸೋಂಕಿಲ್ಲದೆ ದಶಕಗಳಿಂದ ಹಾಗೆಯೇ ಉಳಿದಿರುತ್ತವೆ. ವೈರು, ರಿಲೇ, ಥರ್ಮೋಸ್ಟಾಟ್, ಬಾಗಿಲಿನ ರಬ್ಬರ್ ಇವೆಲ್ಲ ಹೊರಗಿದ್ದು ಹಾಳಾಗುವ ವಸ್ತುಗಳು, ಇವನ್ನು ಬದಲಿಸಬಹುದು. ಕೊಳವೆಜಾಲವನ್ನು ಒಮ್ಮೆ ತೆರೆದರೆ ಅದು ಮೊದಲಿನಂತೆ ಆಗುವುದು ಬಹಳ ಕಷ್ಟ. ಆದ್ದರಿಂದ ಪರೀಕ್ಷೆ ಹೊರಗಿನಿಂದ ಒಳಕ್ಕೆ ಹೋಗಬೇಕು. ಕೊಳವೆಯ ಸರದಿ ಬರುವುದು ಉಳಿದೆಲ್ಲವೂ ನಿರ್ದೋಷಿ ಎಂದು ಖಚಿತವಾದ ಮೇಲೆಯೇ.

ಮೊದಲು ಹೆಸರಿನ ಫಲಕ ಓದಿ

ಹಿಂಬದಿಯಲ್ಲೋ ಬಾಗಿಲಿನ ಚೌಕಟ್ಟಿನಲ್ಲೋ ಒಂದು ಲೋಹದ ಫಲಕ ಇರುತ್ತದೆ. ವೋಲ್ಟ್, ಸೈಕಲ್ (ಇಂದಿನ ಹರ್ಟ್ಸ್), ಆಂಪಿಯರ್, ಶೀತಕದ ಹೆಸರು ಮತ್ತು ತೂಕ ಅದರಲ್ಲಿರುತ್ತವೆ. ಅದನ್ನು ಒರೆಸಿ ಫೋಟೊ ತೆಗೆದಿಟ್ಟುಕೊಳ್ಳಿ.

ಶೀತಕ ಯಾವುದು ಎಂಬುದು ಇಲ್ಲಿ ಜೀವದ ಪ್ರಶ್ನೆ. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಹೊರತಂದ, ತಲೆಯ ಮೇಲೆ ದುಂಡು ಕಂಪ್ರೆಸರ್ ಹೊತ್ತ ಮಾನಿಟರ್ ಟಾಪ್ ಫ್ರಿಜ್‌ಗಳ ಕಾಲದಲ್ಲಿ ಸಲ್ಫರ್ ಡೈಆಕ್ಸೈಡ್ ಸಾಮಾನ್ಯವಾಗಿತ್ತು. ಕೆಲವರು ಮೀಥೈಲ್ ಕ್ಲೋರೈಡ್ ಬಳಸುತ್ತಿದ್ದರು. 1928ರ ಸುಮಾರಿಗೆ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಫ್ರಿಯಾನ್ ಎಂಬ ಉರಿಯದ ಶೀತಕವನ್ನು ಕಂಡುಹಿಡಿದ ನಂತರ ಇವೆರಡೂ ನಿಧಾನವಾಗಿ ಹಿಂದೆ ಸರಿದವು. 1950ರ ದಶಕದ ಫ್ರಿಜ್‌ಗಳ ಫಲಕದಲ್ಲಿ ಹೆಚ್ಚಾಗಿ ಕಾಣುವುದು ಫ್ರಿಯಾನ್-12, ಅಂದರೆ ಇಂದಿನ ಹೆಸರಿನಲ್ಲಿ ಆರ್-12.

ಸಲ್ಫರ್ ಡೈಆಕ್ಸೈಡ್ ಸೋರಿದರೆ ಗೀರಿದ ಬೆಂಕಿಕಡ್ಡಿಯ ಕಟು ವಾಸನೆ ಬರುತ್ತದೆ, ಗಂಟಲು ಹಿಡಿಯುತ್ತದೆ. ಅದರ ಸುಳಿವು ಸಿಕ್ಕ ಕ್ಷಣವೇ ಕಿಟಕಿ ಬಾಗಿಲು ತೆರೆದು ಹೊರಗೆ ಹೋಗಬೇಕು. ಮೀಥೈಲ್ ಕ್ಲೋರೈಡ್ ಇನ್ನೂ ಕೆಟ್ಟದ್ದು: ಅದರ ವಾಸನೆ ನವಿರು, ಎಚ್ಚರಿಕೆ ಕೊಡುವಷ್ಟು ಇರುವುದಿಲ್ಲ, ವಿಷವೂ ಹೌದು, ಬೆಂಕಿಯೂ ಹತ್ತಿಕೊಳ್ಳುತ್ತದೆ. ಫಲಕದಲ್ಲಿ ಈ ಎರಡರಲ್ಲಿ ಯಾವುದೇ ಹೆಸರಿದ್ದರೆ ವಿದ್ಯುತ್ ಭಾಗಗಳನ್ನು ಮಾತ್ರ ನೀವು ಪರೀಕ್ಷಿಸಿ. ಕೊಳವೆಯ ಕೆಲಸವನ್ನು ಆ ಶೀತಕದಲ್ಲಿ ಪಳಗಿದವರಿಗೇ ಬಿಡಿ.

ಫ್ರಿಜ್‌ನಲ್ಲಿ ಮೋಟರೇ ಇಲ್ಲದೆ ಬುಡದಲ್ಲಿ ಹೀಟರ್ ಅಥವಾ ಜ್ವಾಲೆ ಇದ್ದರೆ ಅದು ಹೀರಿಕೆ ವಿಧಾನದ್ದು. 1922ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ವ್ಯವಸ್ಥೆ ಇದು. ಅಮೋನಿಯ, ನೀರು, ಹೈಡ್ರೋಜನ್ ಮೂರೂ ಸೇರಿ, ಚಲಿಸುವ ಒಂದೂ ಬಿಡಿಭಾಗವಿಲ್ಲದೆ ತಂಪು ಮಾಡುತ್ತವೆ. ದ್ರವ ಹರಿಯುವುದು ಕೇವಲ ಇಳಿಜಾರಿನಿಂದ. ಆದ್ದರಿಂದ ಪೆಟ್ಟಿಗೆ ಸ್ವಲ್ಪ ವಾಲಿದ್ದರೂ ತಂಪು ನಿಂತುಹೋಗುತ್ತದೆ. ಮೊದಲು ಮಟ್ಟಗೋಲು ಇಟ್ಟು ನೆಟ್ಟಗೆ ಮಾಡಿ, ಒಂದು ದಿನ ಓಡಿಸಿ. ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ ಅದು ತುಕ್ಕು ತಡೆಯಲು ಬೆರೆಸಿದ ಕ್ರೋಮೇಟ್ ಹೊರಬಂದ ಗುರುತು. ಆ ಪುಡಿ ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಆ ಯಂತ್ರ ಸೋರಿದೆ. ಜ್ವಾಲೆಯಿಂದ ಓಡುವ ಹಳೆಯ ಫ್ರಿಜ್‌ಗಳಲ್ಲಿ ಇನ್ನೊಂದು ಅಪಾಯವಿದೆ. ಬರ್ನರ್ ಕೊಳೆಯಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ. 1933ರಿಂದ 1957ರವರೆಗೆ ತಯಾರಾದ ಸರ್ವೆಲ್ ಗ್ಯಾಸ್ ಫ್ರಿಜ್‌ಗಳನ್ನು ಬಳಸಲೇಬೇಡಿ ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸಿರುವುದು ಇದೇ ಕಾರಣಕ್ಕೆ. ಅಂಥದ್ದು ನಿಮ್ಮಲ್ಲಿದ್ದರೆ ನೋಡಿ ಸಂತೋಷಪಡಿ, ಹಚ್ಚಬೇಡಿ.

ಇಲ್ಲಿಂದ ಮುಂದೆ ಹೇಳುವುದೆಲ್ಲ ಕಂಪ್ರೆಸರ್ ಇರುವ ಫ್ರಿಜ್‌ಗಳ ಬಗ್ಗೆ.

ಪ್ಲಗ್ ಹಾಕುವ ಮೊದಲು

ಬಾಗಿಲಿನ ಕೊಂಡಿಯನ್ನು ನೋಡಿ. ಹೊರಗಿನ ಹಿಡಿ ಎಳೆದರೆ ಮಾತ್ರ ತೆರೆಯುವ ಕೊಂಡಿಯಾದರೆ ಮನೆಗೆ ಮಕ್ಕಳು ಬರುವ ಮೊದಲೇ ಅದನ್ನು ನಿಷ್ಕ್ರಿಯ ಮಾಡಿ. ಆಟವಾಡುತ್ತ ಒಳಗೆ ಸೇರಿ ಉಸಿರುಗಟ್ಟಿ ಸತ್ತ ಮಕ್ಕಳಿಂದಾಗಿಯೇ ಅಮೆರಿಕ 1956ರಲ್ಲಿ ಕಾನೂನು ತಂದು, ಒಳಗಿನಿಂದ ತಳ್ಳಿದರೂ ತೆರೆಯುವ ಬಾಗಿಲನ್ನು ಕಡ್ಡಾಯ ಮಾಡಿತು. ದುರಸ್ತಿಯ ಸಡಗರದಲ್ಲಿ ಮರೆಯಬಾರದ ಮೊದಲ ಕೆಲಸ ಇದು.

ಪೆಟ್ಟಿಗೆಯನ್ನು ಮಲಗಿಸಿ ಸಾಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ಹಗಲು, ಒಂದು ರಾತ್ರಿ ಕಾಯಿರಿ. ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದುಹೋಗಿರುತ್ತದೆ, ಅದು ಇಳಿದು ಬರಬೇಕು.

ಆಮೇಲೆ ವೈರು. ಬಟ್ಟೆ ಸುತ್ತಿದ ಹಳೆಯ ರಬ್ಬರ್ ವೈರು ಹೊರಗೆ ಅಂದವಾಗಿಯೇ ಕಾಣುತ್ತದೆ. ಬಗ್ಗಿಸಿದರೆ ಒಳಗಿನ ರಬ್ಬರ್ ಪುಡಿಪುಡಿಯಾಗಿ ಉದುರುತ್ತದೆ. ಅದನ್ನು ಪೂರ್ತಿ ಬದಲಿಸಿ. ಅರ್ತಿಂಗ್ ಇಲ್ಲದ ಎರಡು ಕಡ್ಡಿಯ ಪ್ಲಗ್ ಇದ್ದರೆ ಮೂರು ಕಡ್ಡಿಯದು ಹಾಕಿ, ಅರ್ತ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಗಟ್ಟಿಯಾಗಿ ಬಿಗಿಯಿರಿ. ಹಳೆಯ ನೋಟ ಉಳಿಸಬೇಕೆನ್ನುವವರಿಗೆ ಬಟ್ಟೆ ಹೊದಿಕೆಯ ಹೊಸ ವೈರು ಸಿಗುತ್ತದೆ.

ಫಲಕದಲ್ಲಿ 115 ವೋಲ್ಟ್, 60 ಸೈಕಲ್ ಎಂದಿದ್ದು ನಿಮ್ಮಲ್ಲಿ 230 ವೋಲ್ಟ್, 50 ಸೈಕಲ್ ವಿದ್ಯುತ್ ಇದ್ದರೆ ಟ್ರಾನ್ಸ್‌ಫಾರ್ಮರ್ ಬೇಕು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಸೈಕಲ್ ಬದಲಿಸುವುದಿಲ್ಲ. 60ಕ್ಕೆ ಮಾಡಿದ ಮೋಟರ್ 50ರಲ್ಲಿ ನಿಧಾನವಾಗಿ ತಿರುಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ವೋಲ್ಟೇಜನ್ನು ಅದೇ ಅನುಪಾತದಲ್ಲಿ ಇಳಿಸಿ ಸುಮಾರು 96ಕ್ಕೆ ತಂದರೆ ಮೋಟರಿಗೆ ಹಿತ. ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯವನ್ನು ಓಡುವಾಗಿನ ವ್ಯಾಟ್ ನೋಡಿ ಆರಿಸಬೇಡಿ. ಹೊರಡುವ ಗಳಿಗೆಯಲ್ಲಿ ಮೋಟರ್ ಅದರ ಐದಾರು ಪಟ್ಟು ಎಳೆಯುತ್ತದೆ.

ಕೊನೆಗೆ, ವಿದ್ಯುತ್ ಕೊಡದೆಯೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕಂಪ್ರೆಸರಿನ ಟರ್ಮಿನಲ್‌ಗೂ ಇನ್ನೊಂದನ್ನು ಅದರ ಲೋಹದ ಮೈಗೂ ಇಡಿ. ಓಮ್‌ನ ಅತಿ ಹೆಚ್ಚಿನ ವ್ಯಾಪ್ತಿಯಲ್ಲೂ ಯಾವ ಅಂಕಿಯೂ ಬರಬಾರದು. ಬಂದರೆ ಮೋಟರಿನ ತಂತಿಸುರುಳಿ, ಅಂದರೆ ವೈಂಡಿಂಗ್, ಮೈಗೆ ತಾಗಿದೆ, ಪ್ಲಗ್ ಹಾಕುವ ಮಾತೇ ಇಲ್ಲ. ಟರ್ಮಿನಲ್‌ನ ಮುಚ್ಚಳ ತೆಗೆದಿಟ್ಟು ಎಂದಿಗೂ ವಿದ್ಯುತ್ ಕೊಡಬೇಡಿ. ಹಳೆಯ ಟರ್ಮಿನಲ್ ಸಿಡಿದರೆ ಒತ್ತಡದಲ್ಲಿರುವ ಗ್ಯಾಸ್, ಎಣ್ಣೆ ಎರಡೂ ಚಿಮ್ಮುತ್ತವೆ, ಬೆಂಕಿಯೂ ಹತ್ತಬಹುದು.

ಪ್ಲಗ್ ಹಾಕಿ, ಕಿವಿಗೊಡಿ

ಸದ್ದೇ ಇಲ್ಲ ಎಂದಾದರೆ ಸುಲಭದ ಪ್ರಕರಣ. ಒಳಗಿನ ದೀಪ ಉರಿಯುತ್ತಿದ್ದರೆ ವಿದ್ಯುತ್ ಬರುತ್ತಿದೆ ಎಂದಾಯಿತು. ಪ್ಲಗ್ ಕಿತ್ತು ಥರ್ಮೋಸ್ಟಾಟಿನ ಎರಡೂ ವೈರು ಬಿಡಿಸಿ ಮೀಟರ್ ಇಡಿ. ಕೋಣೆಯ ಉಷ್ಣತೆಯಲ್ಲಿ, ಗುಂಡಿ 'ಆಫ್' ಬಿಟ್ಟು ಬೇರೆಲ್ಲಿ ಇದ್ದರೂ ಅದು ಸಂಪರ್ಕ ತೋರಿಸಲೇಬೇಕು. ತೋರಿಸದಿದ್ದರೆ ಒಂದೋ ಒಳಗಿನ ಸಂಪರ್ಕಬಿಂದು ಕಪ್ಪಾಗಿದೆ, ಇಲ್ಲವೇ ಅದರ ಕೂದಲೆಳೆಯ ಕೊಳವೆಯಲ್ಲಿದ್ದ ಅನಿಲ ಸೋರಿದೆ. ಮೊದಲನೆಯದಾದರೆ ಸ್ಪಿರಿಟಿನಲ್ಲಿ ಅದ್ದಿದ ಗಟ್ಟಿ ಕಾಗದವನ್ನು ಬಿಂದುಗಳ ನಡುವೆ ಎಳೆದರೆ ಸಾಕು. ಉಪ್ಪುಕಾಗದ ಬೇಡ, ಅದು ಮೇಲ್ಪದರವನ್ನೇ ಕಿತ್ತುಹಾಕುತ್ತದೆ. ಎರಡನೆಯದಾದರೆ ಥರ್ಮೋಸ್ಟಾಟನ್ನೇ ಬದಲಿಸಬೇಕು. ಥರ್ಮೋಸ್ಟಾಟ್ ಸರಿಯಿದ್ದರೆ, ಮೋಟರ್ ಅತಿಯಾಗಿ ಬಿಸಿಯಾದಾಗ ವಿದ್ಯುತ್ ಕಡಿಯುವ ಓವರ್‌ಲೋಡ್ ರಕ್ಷಕ ನೋಡಿ. ಅದು ತಣ್ಣಗಿರುವಾಗ ಸಂಪರ್ಕ ಕೊಡಬೇಕು.

ಗುಂಯ್ ಎಂದು ಕೆಲವು ಸೆಕೆಂಡ್ ಗೊಣಗಿ, ಟಕ್ ಎಂದು ನಿಂತು, ಎರಡು ಮೂರು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡಿದರೆ? ಕಂಪ್ರೆಸರ್ ಸತ್ತಿದೆ ಎಂಬ ತೀರ್ಪು ಅತಿ ಹೆಚ್ಚು ಬರುವುದು ಈ ಲಕ್ಷಣಕ್ಕೇ. ಕೂಡಲೇ ಪ್ಲಗ್ ಕೀಳಿ. ಆ ಟಕ್ ಎಂಬುದು ಓವರ್‌ಲೋಡ್ ತನ್ನ ಕೆಲಸ ಮಾಡಿದ ಸದ್ದು. ಮತ್ತೆ ಮತ್ತೆ ಹೀಗಾಗಲು ಬಿಟ್ಟರೆ ಚೆನ್ನಾಗಿದ್ದ ವೈಂಡಿಂಗ್ ನಿಜಕ್ಕೂ ಸುಡುತ್ತದೆ.

ಕಂಪ್ರೆಸರಿಗೆ ಮೂರು ಟರ್ಮಿನಲ್‌ಗಳು: ಸಾಮಾನ್ಯ, ಓಟ, ಆರಂಭ. ಎರಡೆರಡರ ನಡುವೆ ಓಮ್ ಅಳೆದರೆ ಮೂರು ಅಂಕಿ ಬರುತ್ತವೆ. ಅತಿ ಚಿಕ್ಕದು ಸಾಮಾನ್ಯ ಮತ್ತು ಓಟದ ನಡುವಿನದು, ನಡುವಣದು ಸಾಮಾನ್ಯ ಮತ್ತು ಆರಂಭದ ನಡುವಿನದು, ಅತಿ ದೊಡ್ಡದು ಓಟ ಮತ್ತು ಆರಂಭದ ನಡುವಿನದು. ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮವಾಗಿದ್ದರೆ ವೈಂಡಿಂಗ್‌ಗಳು ತುಂಡಾಗಿಲ್ಲ. ಉದಾಹರಣೆಗೆ 3, 9, 12 ಎಂದು ಬಂದರೆ ನೆಮ್ಮದಿ. ನನ್ನ ಫ್ರಿಜ್‌ನಲ್ಲಿ ಲೆಕ್ಕ ಸರಿಯಾಗಿಯೇ ಕೂಡಿತ್ತು, ಆದರೂ ಅದು ಗೊಣಗಿ ನಿಲ್ಲುತ್ತಿತ್ತು.

ಹಾಗಾದರೆ ಉಳಿದದ್ದು ಮೋಟರನ್ನು ಹೊರಡಿಸುವ ಸ್ವಿಚ್, ಅಂದರೆ ರಿಲೇ. ಆ ಕಾಲದ ರಿಲೇಯೊಳಗೆ ಒಂದು ಸುರುಳಿ, ಅದರ ನಡುವೆ ಮೇಲೆ ಕೆಳಗೆ ಜಾರುವ ಒಂದು ಕಬ್ಬಿಣದ ತುಂಡು ಇರುತ್ತದೆ. ಮೋಟರ್ ಹೊರಡುವಾಗ ಓಟದ ವೈಂಡಿಂಗ್ ಭಾರಿ ಕರೆಂಟ್ ಎಳೆಯುತ್ತದೆ. ಆಗ ಸುರುಳಿ ಆ ತುಂಡನ್ನು ಮೇಲಕ್ಕೆ ಸೆಳೆದು ಆರಂಭದ ವೈಂಡಿಂಗ್‌ಗೆ ವಿದ್ಯುತ್ ಕೊಡುತ್ತದೆ. ಮೋಟರ್ ವೇಗ ಹಿಡಿದು ಕರೆಂಟ್ ಇಳಿದಾಗ ತುಂಡು ತನ್ನ ಭಾರದಿಂದಲೇ ಕೆಳಗೆ ಬಿದ್ದು ಸಂಪರ್ಕ ಕಡಿಯುತ್ತದೆ. ಇಡೀ ಕೆಲಸ ನಡೆಯುವುದು ಗುರುತ್ವದಿಂದ. ಆದ್ದರಿಂದ ರಿಲೇ ನೆಟ್ಟಗೆ ನಿಂತಿರಲೇಬೇಕು, ಅದರ ಮೇಲೆ ಬಾಣದ ಗುರುತೋ 'ಮೇಲೆ' ಎಂಬ ಅರ್ಥದ ಇಂಗ್ಲಿಷ್ ಪದವೋ ಇರುವುದು ಇದಕ್ಕಾಗಿಯೇ. ಹಿಂದೆ ಯಾರೋ ನನ್ನ ಫ್ರಿಜ್‌ನ ಮುರಿದ ಹಿಡಿಕೆಯ ಬದಲು ತಂತಿ ಸುತ್ತಿ ರಿಲೇಯನ್ನು ಅಡ್ಡ ಕಟ್ಟಿದ್ದರು. ತುಂಡು ಜಾರಲಾರದೆ ಅಲ್ಲೇ ಸಿಕ್ಕಿಕೊಂಡಿತ್ತು. ಬಿಚ್ಚಿ, ಒಳಗಿನ ಧೂಳು ಊದಿ, ನೆಟ್ಟಗೆ ಕೂರಿಸಿ ಪ್ಲಗ್ ಹಾಕಿದೆ. ಕಂಪ್ರೆಸರ್ ಒಂದೇ ಏಟಿಗೆ ಹೊರಟಿತು. ಕಟರ್ ಹಿಡಿದು ನಿಂತವರ ಮೇಲೆ ನನಗೆ ಕೋಪವಿಲ್ಲ, ಅವರು ಪಳಗಿದ್ದು ಯಾವ ಕಡೆ ತಿರುಗಿಸಿದರೂ ನಡೆಯುವ ಇಂದಿನ ರಿಲೇಗಳಲ್ಲಿ.

ತಲೆಕೆಳಗಾಗಿ ಕಟ್ಟಿದರೆ ಇನ್ನೂ ಕೆಡುಕು. ಆಗ ತುಂಡು ಬೀಳುವುದೇ ಇಲ್ಲ, ಆರಂಭದ ವೈಂಡಿಂಗ್ ಸದಾ ವಿದ್ಯುತ್ತಿನಲ್ಲಿದ್ದು ಬೇಗ ಸುಡುತ್ತದೆ. ರಿಲೇಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ತುಂಡು ಜಾರುವ ಟಕಟಕ ಸದ್ದು ಕೇಳಬೇಕು.

ರಿಲೇ ಸರಿಯಿದ್ದೂ ಹೊರಡದಿದ್ದರೆ ಹೊರಡುವ ಗಳಿಗೆಯಲ್ಲಿ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂದು ಸಾಕೆಟಿನಲ್ಲಿ ಅಳೆಯಿರಿ. ಉದ್ದದ ಎಕ್ಸ್‌ಟೆನ್ಶನ್ ವೈರು ಇದ್ದರೆ ತೆಗೆದುಹಾಕಿ. ಅದೂ ಅಲ್ಲವಾದರೆ ವರ್ಷಗಟ್ಟಲೆ ನಿಂತಿದ್ದ ಕಂಪ್ರೆಸರ್ ಒಳಗೇ ಹಿಡಿದುಕೊಂಡಿರಬಹುದು. ಬಲ್ಲ ಎಲೆಕ್ಟ್ರಿಷಿಯನ್ ಆರಂಭದ ಕೆಪಾಸಿಟರ್ ಒಂದನ್ನು ಸೇರಿಸಿ ಎರಡು ಮೂರು ಸೆಕೆಂಡ್ ಮಾತ್ರ ದೂಡಿ ನೋಡಬಹುದು. ಒಂದು ಯತ್ನಕ್ಕೂ ಇನ್ನೊಂದಕ್ಕೂ ಹತ್ತು ನಿಮಿಷ ಬಿಡುವಿರಲಿ. ನಾಲ್ಕೈದು ಯತ್ನದಲ್ಲಿ ಬಿಡಿಸಿಕೊಳ್ಳದಿದ್ದರೆ ಅದು ಬಿಡಿಸಿಕೊಳ್ಳುವುದಿಲ್ಲ.

ಓಡುತ್ತದೆ, ಆದರೆ ತಂಪಿಲ್ಲ

ಈಗ ಕೈಯೇ ಉಪಕರಣ. ಅರ್ಧ ಗಂಟೆ ಓಡಿಸಿ ಕಂಪ್ರೆಸರಿನಿಂದ ಹೊರಡುವ ಕೊಳವೆ, ಹಿಂಬದಿಯ ಕಂಡೆನ್ಸರ್, ಒಳಗಿನ ಹಿಮದ ಪೆಟ್ಟಿಗೆ ಈ ಮೂರನ್ನು ಮುಟ್ಟಿ ನೋಡಿ. ಮೊದಲನೆಯದನ್ನು ಬೆರಳ ತುದಿಯಿಂದ, ಜಾಗ್ರತೆಯಾಗಿ. ಅದು ಸುಡುವಷ್ಟು ಬಿಸಿ ಇರಬಹುದು. ಆರೋಗ್ಯವಂತ ಯಂತ್ರದಲ್ಲಿ ಕಂಡೆನ್ಸರ್ ಮೇಲ್ಭಾಗ ಬಿಸಿ, ಕೆಳಗೆ ಹೋದಂತೆ ಬೆಚ್ಚಗೆ. ಹಿಮದ ಪೆಟ್ಟಿಗೆಯೊಳಗೆ ಹರಿಯುವ ಜುಳುಜುಳು ಸದ್ದು. ಅದರ ಮೈಮೇಲೆಲ್ಲ ಸಮನಾದ ಬಿಳಿ ಹಿಮ.

ಹಿಮದ ಹಂಚಿಕೆಯನ್ನು ಓದಲು ಕಲಿತರೆ ಅರ್ಧ ರೋಗ ತಿಳಿದಂತೆ. ಕೊಳವೆ ಒಳಬರುವ ಮೂಲೆಯಲ್ಲಿ ಅಂಗೈಯಗಲ ಮಾತ್ರ ಹಿಮ ಕಟ್ಟಿ ಉಳಿದದ್ದು ಬರಿದಾಗಿದ್ದರೆ ಶೀತಕ ಕಡಿಮೆಯಾಗಿದೆ. ಎಲ್ಲೂ ಹಿಮವಿಲ್ಲದೆ, ಕಂಡೆನ್ಸರ್ ಮೊದಲ ಕೆಲವು ನಿಮಿಷ ಬೆಚ್ಚಗಾಗಿ ಮತ್ತೆ ಕೋಣೆಯ ಉಷ್ಣತೆಗೇ ಇಳಿದರೆ ಕಂಡೆನ್ಸರಿನಿಂದ ಹಿಮದ ಪೆಟ್ಟಿಗೆಗೆ ಶೀತಕ ಒಯ್ಯುವ ಸಪೂರ ಕೊಳವೆ, ಅಂದರೆ ಕ್ಯಾಪಿಲರಿ, ಕಟ್ಟಿಕೊಂಡಿರಬಹುದು, ಇಲ್ಲವೇ ಶೀತಕ ಪೂರ್ತಿ ಖಾಲಿಯಾಗಿರಬಹುದು. ಇವೆರಡನ್ನು ಬೇರ್ಪಡಿಸಲು ಫ್ರಿಜ್ ಆಫ್ ಮಾಡಿ ಕಿವಿಗೊಡಿ. ಸಾಮಾನ್ಯವಾಗಿ ಒತ್ತಡ ಸಮವಾಗುವವರೆಗೆ ಕೆಲವು ನಿಮಿಷ ಸುಯ್ ಎಂಬ ಸದ್ದು ಬರುತ್ತದೆ. ಸದ್ದಿಲ್ಲದೆ, ಕೂಡಲೇ ಆನ್ ಮಾಡಿದರೆ ಮೋಟರ್ ಹೊರಡಲಾರದೆ ಗೊಣಗಿದರೆ ಒಳಗೆ ಒತ್ತಡ ನಿಂತಿದೆ, ದಾರಿ ಕಟ್ಟಿದೆ. ಸದ್ದೂ ಇಲ್ಲ, ಮೋಟರ್ ಮಾತ್ರ ಸಲೀಸಾಗಿ ಹೊರಟರೆ ಒಳಗೆ ಏನೂ ಉಳಿದಿಲ್ಲ. ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಿ.

ಇನ್ನೊಂದು ಬಗೆ ಬಹಳ ಗೊಂದಲ ಹುಟ್ಟಿಸುತ್ತದೆ. ಒಂದೆರಡು ಗಂಟೆ ಸೊಗಸಾಗಿ ತಣ್ಣಗಾಗಿ, ಇದ್ದಕ್ಕಿದ್ದಂತೆ ತಂಪು ನಿಂತು ಹಿಮ ಕರಗತೊಡಗುತ್ತದೆ. ಆಫ್ ಮಾಡಿ ರಾತ್ರಿ ಕಳೆದು ಹಚ್ಚಿದರೆ ಮತ್ತೆ ಮೊದಲಿನಂತೆ. ಇದು ಒಳಗೆ ಸೇರಿದ ಒಂದು ಹನಿ ನೀರಿನ ಕೆಲಸ. ಕ್ಯಾಪಿಲರಿ ಹಿಮದ ಪೆಟ್ಟಿಗೆಯನ್ನು ಸೇರುವ ತುದಿಯಲ್ಲಿ ಅದು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ತುದಿಗೆ ಬಿಸಿನೀರಿನ ಬಟ್ಟೆ ಇಟ್ಟಾಗ ಸುಯ್ ಎಂದು ಹರಿವು ಮರಳಿದರೆ ಅನುಮಾನ ಬೇಡ. ಹಿಂದೆ ಯಾರೋ ಈ ಕೊಳವೆಯನ್ನು ತೆರೆದಿದ್ದಾರೆ ಎಂದೂ ಇದು ಹೆಚ್ಚಾಗಿ ಹೇಳುತ್ತದೆ.

ಎಲ್ಲ ಕಡೆಯೂ ಸ್ವಲ್ಪ ತಂಪು, ಎಲ್ಲೂ ಹಿಮವಿಲ್ಲ, ಕಂಡೆನ್ಸರ್ ಉಗುರುಬೆಚ್ಚಗೆ, ಕಂಪ್ರೆಸರ್ ಮಾತ್ರ ಮುಟ್ಟಲಾಗದಷ್ಟು ಬಿಸಿ ಎಂದಾದರೆ ಅದರ ಕವಾಟಗಳು ಸವೆದಿವೆ. ಇದೊಂದಕ್ಕೆ ಹೊರಗಿನಿಂದ ಮದ್ದಿಲ್ಲ.

ಸೋರಿಕೆಯ ಅನುಮಾನ ಬಂದಾಗ ಬೆಸುಗೆಗಳ ಬಳಿ ಎಣ್ಣೆಯ ಜಿಡ್ಡು ಹುಡುಕಿ, ಶೀತಕದೊಂದಿಗೆ ಎಣ್ಣೆಯೂ ಹೊರಬರುತ್ತದೆ. ಸಾಬೂನು ನೀರು ಹಚ್ಚುವುದಾದರೆ ಕಂಡೆನ್ಸರ್ ಭಾಗಕ್ಕೆ ಓಡುವಾಗ, ಹಿಮದ ಪೆಟ್ಟಿಗೆಗೆ ನಿಂತಿರುವಾಗ ಹಚ್ಚಿ, ಒತ್ತಡ ಹೆಚ್ಚಿರುವುದು ಆಗಲೇ.

ಇಲ್ಲಿ ಒಂದು ಬೇಡಿಕೆ. 'ಒತ್ತಡ ನೋಡೋಣ' ಎಂದು ಯಾರಾದರೂ ಕೊಳವೆಗೆ ಚುಚ್ಚುವ ಕವಾಟ ಹಾಕಲು ಬಂದರೆ, ಮೇಲಿನ ಲಕ್ಷಣಗಳು ಖಚಿತವಾಗುವವರೆಗೆ ಒಪ್ಪಬೇಡಿ. ಒಳಗಿರುವ ಶೀತಕ ಕೆಲವೇ ನೂರು ಗ್ರಾಂ. ಗೇಜಿನ ಪೈಪು ತುಂಬಲು ಹೋಗುವ ಪಾಲು, ಕವಾಟದ ರಬ್ಬರಿನಿಂದ ಮುಂದೆ ಸೋರುವ ಪಾಲು ಸೇರಿದರೆ ಚೆನ್ನಾಗಿದ್ದ ಯಂತ್ರಕ್ಕೂ ಕೊರತೆ ಶುರುವಾಗುತ್ತದೆ. ಆರ್-12 ಓಝೋನ್ ಪದರವನ್ನು ಕೊರೆಯುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದರ ಉತ್ಪಾದನೆ ಶ್ರೀಮಂತ ದೇಶಗಳಲ್ಲಿ 1995ರ ಕೊನೆಗೂ ಉಳಿದೆಡೆ 2010ಕ್ಕೂ ನಿಂತಿತು. ಅದನ್ನು ಗಾಳಿಗೆ ಬಿಡಬಾರದು, ಹಿಡಿದಿಡುವ ಯಂತ್ರವಿರುವ ತಂತ್ರಜ್ಞರೇ ಬೇಕು. ಬದಲಿಗೆ ಅದರ ನಂತರ ಬಂದ ಆರ್-134ಎ ಶೀತಕ ತುಂಬಿದರಾಯಿತು ಎನ್ನುವವರಿದ್ದಾರೆ. ಅದು ಹಳೆಯ ಖನಿಜ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಎಣ್ಣೆ ಮರಳಿ ಬರದೆ ಕಂಪ್ರೆಸರ್ ಒಣಗುತ್ತದೆ. ಉರಿಯುವ ಹೈಡ್ರೋಕಾರ್ಬನ್ ಅನಿಲಗಳನ್ನು ತುಂಬುವುದನ್ನಂತೂ ನಾನು ಖಂಡಿತ ವಿರೋಧಿಸುತ್ತೇನೆ. ಈ ಫ್ರಿಜ್‌ಗಳ ಥರ್ಮೋಸ್ಟಾಟ್, ದೀಪದ ಸ್ವಿಚ್ ಎಲ್ಲವೂ ಪೆಟ್ಟಿಗೆಯೊಳಗೇ ಕಿಡಿ ಹಾರಿಸುವಂಥವು.

ತಂಪಿದೆ, ಸಾಲದು

ಹಗಲಿರುಳು ಓಡಿದರೂ ಒಳಗೆ 10 ಡಿಗ್ರಿಗಿಂತ ಇಳಿಯದ ಫ್ರಿಜ್‌ನಲ್ಲಿ ಶಾಖ ಎಲ್ಲಿಂದಲೋ ಒಳಬರುತ್ತಿದೆ, ಇಲ್ಲವೇ ಹೊರಹೋಗುತ್ತಿಲ್ಲ. ಹೊರಹೋಗದಿರುವುದಕ್ಕೆ ಕಾರಣ ಕಂಡೆನ್ಸರ್ ಮೇಲಿನ ಧೂಳು, ಗೋಡೆಗೆ ಅಂಟಿಸಿ ನಿಲ್ಲಿಸಿದ್ದು. ಬ್ರಷ್‌ನಿಂದ ಗುಡಿಸಿ, ಒಂದು ಗೇಣು ಮುಂದಕ್ಕೆ ಎಳೆಯಿರಿ.

ಒಳಬರುವ ದಾರಿಗಳು ಹಲವು. ಬಾಗಿಲಿಗೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಸುತ್ತಲೂ ಎಲ್ಲೆಲ್ಲಿ ಸಲೀಸಾಗಿ ಜಾರುತ್ತದೋ ಅಲ್ಲಿ ರಬ್ಬರ್ ಸತ್ತಿದೆ. ರಬ್ಬರ್ ಬದಲಿಸುವ ಮೊದಲು ಬಾಗಿಲಿನ ಕೀಲು ಜೋತುಬಿದ್ದಿದೆಯೇ ನೋಡಿ. ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಒಳಗಿಟ್ಟು ಬಾಗಿಲು ಮುಚ್ಚಿದರೆ ದೀಪ ಆರುತ್ತದೆಯೇ ಎಂದು ತಿಳಿಯುತ್ತದೆ. ಸದಾ ಉರಿಯುವ ಒಂದು ಬಲ್ಬ್ ಇಷ್ಟು ಚಿಕ್ಕ ಪೆಟ್ಟಿಗೆಗೆ ಒಲೆಯೇ ಸರಿ. 1950ರ ದಶಕದ ಕೆಲವು ಮಾದರಿಗಳ ಬಾಗಿಲಲ್ಲಿ ಬೆಣ್ಣೆ ಗಟ್ಟಿಯಾಗದಂತೆ ಇಡಲು ಪುಟ್ಟ ಹೀಟರ್ ಇರುತ್ತದೆ, ಅದನ್ನು ಬೇರ್ಪಡಿಸಿಡಿ.

ಹೊರಮೈಯ ಒಂದೇ ಜಾಗ ಸದಾ ಬೆವರುತ್ತಿದ್ದರೆ ಆ ಗೋಡೆಯೊಳಗಿನ ಉಣ್ಣೆಯಂಥ ನಿರೋಧಕ ನೀರು ಕುಡಿದಿದೆ. ಒಳಗಿನ ಪ್ಲಾಸ್ಟಿಕ್ ಅಂಚುಪಟ್ಟಿಗಳನ್ನು ಬಿಡಿಸಿದರೆ ಅದು ಕೈಗೆ ಸಿಗುತ್ತದೆ. ಆ ಪಟ್ಟಿಗಳು ಚಳಿಯಲ್ಲಿ ಬಿಸ್ಕತ್ತಿನಂತೆ ಮುರಿಯುತ್ತವೆ, ಬಿಸಿನೀರಿನ ಬಟ್ಟೆ ಹೊದಿಸಿ ಮೆದುವಾದ ಮೇಲೆ ಮಾತ್ರ ಎಬ್ಬಿಸಿ. ಮುಖಗವಸು, ಕೈಗವಸು ಧರಿಸಿ. ಒಣಗಲು ಫ್ಯಾನಿನ ಗಾಳಿಯಲ್ಲಿ ವಾರಗಳೇ ಬೇಕಾಗಬಹುದು, ಅವಸರ ಮಾಡಬೇಡಿ.

ಹಿಮ ಅರ್ಧ ಸೆಂಟಿಮೀಟರ್ ದಾಟಿದರೆ ಅದೇ ಕಂಬಳಿಯಾಗಿ ತಂಪನ್ನು ತಡೆಯುತ್ತದೆ. ಕರಗಿಸಲು ಆಫ್ ಮಾಡಿ, ಬಾಗಿಲು ತೆರೆದು, ಒಳಗೆ ಬಿಸಿನೀರಿನ ಪಾತ್ರೆ ಇಡಿ. ಚಾಕು, ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ. ಅಲ್ಯೂಮಿನಿಯಮ್ ಗೋಡೆಯ ಹಿಂದೆಯೇ ಶೀತಕ ಹರಿಯುತ್ತಿರುತ್ತದೆ, ಅಲ್ಲೊಂದು ತೂತು ಬಿದ್ದರೆ ಇಡೀ ಫ್ರಿಜ್ ಮುಗಿದಂತೆ.

ಎಲ್ಲ ಸರಿಪಡಿಸಿದ ಮೇಲೆ ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರೊಳಗೆ ಥರ್ಮಾಮೀಟರ್ ಮುಳುಗಿಸಿ, 24 ಗಂಟೆ ಬಿಟ್ಟು ನೋಡಿ. 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಕಂಪ್ರೆಸರ್ ನಡುನಡುವೆ ತಾನಾಗಿ ನಿಂತು ಹೊರಡುತ್ತಿದ್ದರೆ ಫ್ರಿಜ್ ಬದುಕಿದೆ. ಒಂದೇ ಬಾಗಿಲಿನ ಹಳೆಯ ಪೆಟ್ಟಿಗೆಯ ಹಿಮಕೋಣೆಯಿಂದ ಇಂದಿನ ಫ್ರೀಜರಿನ ಮೈನಸ್ 18 ಡಿಗ್ರಿ ನಿರೀಕ್ಷಿಸಬೇಡಿ, ಅದು ಅದಕ್ಕಾಗಿ ಮಾಡಿದ್ದಲ್ಲ.

ಅಂದಿನ ಕೋಣೆಯ ಉಷ್ಣತೆ, ಲೋಟದ ಉಷ್ಣತೆ, ಓಡುವಾಗ ಎಳೆಯುವ ಆಂಪಿಯರ್ ಇವನ್ನು ದಿನಾಂಕದೊಂದಿಗೆ ಒಂದು ಕಾರ್ಡಿನಲ್ಲಿ ಬರೆದು ಹಿಂಬದಿಯಲ್ಲಿ ಅಂಟಿಸಿ. ಆಂಪಿಯರ್ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದರೆ ಶೀತಕ ಸೋರುತ್ತಿದೆ, ಏರುತ್ತ ಬಂದರೆ ಕಂಡೆನ್ಸರ್ ಉಸಿರಾಡುತ್ತಿಲ್ಲ ಅಥವಾ ಮೋಟರ್ ಬಿಗಿಯಾಗುತ್ತಿದೆ. ನನ್ನ ಕಾರ್ಡಿನಲ್ಲಿ ರಿಲೇಯ ಚಿತ್ರವೂ ಇದೆ, ಯಾವ ಬದಿ ಮೇಲೆ ಎಂದು ಬಾಣ ಹಾಕಿ.